ಚಿ ಎಂಬ ದಮ್ಮು

ತಾಯ್ ಚಿ ಎಂಬ ಹೆಸರಿನಲ್ಲೇ ಮೊದಲ ಎಡವಟ್ಟು ಕೂತಿದೆ. ನಿಧಾನವಾಗಿ ಕೈಕಾಲು ಆಡಿಸುವ ಆ ಚೀನೀ ಕಲೆಯ ಹೆಸರಿನಲ್ಲಿರುವ 'ಚಿ'ಯೇ ಚೀನೀಯರು ಹೇಳುವ ಪ್ರಾಣಶಕ್ತಿಯ 'ಚಿ' ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಎರಡೂ ಬೇರೆ ಅಕ್ಷರ, ಬೇರೆ ಉಚ್ಚಾರ, ಬೇರೆ ಅರ್ಥ. ಕಲೆಯ ಪೂರ್ತಿ ಹೆಸರು ತಾಯ್‌ಜಿಚುವಾನ್. ಅದರ 'ಜಿ' ಎಂದರೆ ತುತ್ತತುದಿ; ಮೂಲದಲ್ಲಿ ಮನೆಯ ಮಾಡಿನ ನೆತ್ತಿಯ ತೊಲೆ. ಉಸಿರು, ಆವಿ, ಗಾಳಿ ಎಂಬರ್ಥದ 'ಚಿ'ಗೆ ಮಹಾಪ್ರಾಣವಿದೆ. ಹೇಳುವಾಗ ಬಾಯಿಂದ ಗಾಳಿ ಚಿಮ್ಮಬೇಕು, ಹೆಚ್ಚುಕಡಿಮೆ ನಾವು ಅಸಹ್ಯಪಟ್ಟು 'ಛೀ' ಎಂದಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಥಾಮಸ್ ವೇಡ್ ಕಟ್ಟಿ, ಹರ್ಬರ್ಟ್ ಜೈಲ್ಸ್ ತಿದ್ದಿದ ರೋಮನ್ ಲಿಪಿಯ ಪದ್ಧತಿಯಲ್ಲಿ ಈ ಎರಡು ಉಚ್ಚಾರಗಳ ಅಂತರವನ್ನು ತೋರುತ್ತಿದ್ದದ್ದು ಅಕ್ಷರದ ಪಕ್ಕದ ಒಂದು ಸಣ್ಣ ಕೊಂಕು. ಅಚ್ಚು ಹಾಕುವವರಿಗೆ ಆ ಕೊಂಕು ಬೇಡದ ಕಿರಿಕಿರಿ, ಅದು ಉದುರಿಹೋಯಿತು. ಕೊಂಕು ಹೋದ ಮೇಲೆ ಮಾಡಿನ ತೊಲೆಯೂ ಉಸಿರೂ ಒಂದೇ ಆಗಿಬಿಟ್ಟವು. ಕನ್ನಡಕ್ಕೆ ಬರುವ ಹೊತ್ತಿಗೆ ಅವೆರಡನ್ನೂ ಬಿಡಿಸಿ ನೋಡುವ ದಾರಿಯೇ ಇರಲಿಲ್ಲ.

ಹೆಸರಿನ ಗೊಂದಲವನ್ನು ಒಂದು ಅಡಿಟಿಪ್ಪಣಿಯಲ್ಲಿ ಬಗೆಹರಿಸಬಹುದು. ಅರ್ಥದ ಗೊಂದಲ ಹಾಗೆ ಬಗೆಹರಿಯುವುದಿಲ್ಲ. ಚಿಗೆ ಚೀನೀಯರು ಬಳಸುತ್ತ ಬಂದ ಸಾಂಪ್ರದಾಯಿಕ ಅಕ್ಷರದಲ್ಲಿ ಮೇಲೆ ಆವಿಯ ಗೆರೆಗಳು, ಕೆಳಗೆ ಅಕ್ಕಿ. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಸಿದ್ಧಪಡಿಸಿದ ನಿಘಂಟು ಬರಿಯ ಆವಿಯ ಗೆರೆಗಳಿಗೆ ಮೋಡದ ಹಬೆ ಎಂಬ ಅರ್ಥ ಕೊಡುತ್ತದೆ. ಅಕ್ಕಿ ಸೇರಿದ ಅಕ್ಷರಕ್ಕೆ ಅತಿಥಿಗಳಿಗೆ ಕೊಡುವ ದವಸ, ಮೇವು ಎನ್ನುತ್ತದೆ. ಬೇಯುವ ಅನ್ನದ ಹಬೆ ಎಂದು ಈಗ ಎಲ್ಲರೂ ಹೇಳುವ ಚೆಂದದ ವಿವರಣೆ ಆಮೇಲೆ ಹೊಂದಿಸಿಕೊಂಡದ್ದು. 1956ರ ಸರಳೀಕರಣದಲ್ಲಿ ಅಕ್ಕಿಯನ್ನು ತೆಗೆದು ಆವಿಯನ್ನಷ್ಟೇ ಉಳಿಸಿಕೊಂಡರು. ಇಂದಿನ ಚೀನೀ ಮಾತಿನಲ್ಲಿ ಈ ಪದ ಎಲ್ಲೆಲ್ಲಿ ಬರುತ್ತದೆ ನೋಡಿ: ಹವಾಮಾನಕ್ಕೆ ಆಕಾಶದ ಚಿ, ಸಿಟ್ಟಿಗೇಳುವುದಕ್ಕೆ ಚಿ ಹುಟ್ಟುವುದು, ಮೈಬಲಕ್ಕೆ ಬಲದ ಚಿ, ಸ್ವಭಾವಕ್ಕೆ ಗುಲ್ಮದ ಚಿ, ಉಪಚಾರದ ಮಾತಿಗೆ ಅತಿಥಿಯ ಚಿ. ಇಂಥದ್ದು ನಮಗೆ ಹೊಸದಲ್ಲ, ನಮ್ಮಲ್ಲಿ ದಮ್ಮು ಇದೆ. ದಮ್ಮಿದ್ದರೆ ಬಾ ಎಂದಾಗ ಧೈರ್ಯ; ಓಡಿ ಓಡಿ ದಮ್ಮು ಹತ್ತಿತು ಎಂದಾಗ ಏದುಸಿರು; ಅಜ್ಜನಿಗೆ ದಮ್ಮು ಎಂದಾಗ ಕಾಯಿಲೆ; ಒಂದು ದಮ್ಮು ಎಳೆದು ಬರುತ್ತೇನೆ ಎಂದಾಗ ಬೀಡಿ. ಗರಡಿಯಲ್ಲಿ ಉಸ್ತಾದರು ಹುಡುಗನನ್ನು ನೋಡಿ ಪಟ್ಟು ಗೊತ್ತು, ದಮ್ಮು ಸಾಲದು ಎಂದರೆ ಅದೊಂದು ದೇಹದ ಸ್ಥಿತಿಯ ಅಳತೆ. ಆ ದಮ್ಮನ್ನು ಯಾವ ಯಂತ್ರದಿಂದ ಅಳೆದಿರಿ ಎಂದು ಯಾರೂ ಕೇಳುವುದಿಲ್ಲ. ದಮ್ಮು ಸುಳ್ಳು ಎಂದೂ ಯಾರೂ ಹೇಳುವುದಿಲ್ಲ.

ನನ್ನ ವಾದ ಇಷ್ಟೇ. ತಾಯ್‌ಜಿ, ಶಿಂಗ್‌ಯೀ, ಬಾಗುವಾದಂಥ ಚೀನಾದ ಒಳಪಂಥದ ಸಮರಕಲೆಗಳಲ್ಲಿ ಚಿ ಎಂಬುದು ಮೊದಲಿಗೆ ಕಲಿಸುವವನ ಕೆಲಸದ ಮಾತು. ಉಸಿರು, ಮೈಯ ಬಿಗಿ-ಸಡಿಲ, ಗಮನ, ಈ ಮೂರೂ ಒಟ್ಟಿಗೆ ಕೂಡಿ ಬಂದಾಗಿನ ಸ್ಥಿತಿಯನ್ನು ಒಂದೇ ಪದದಲ್ಲಿ ಹಿಡಿಯುವ ಮಾತು. ಅದು ಮೈಯೊಳಗೆ ಹರಿಯುವ, ಬೆರಳ ತುದಿಯಿಂದ ಹೊರಕ್ಕೆ ಎಸೆಯಬಹುದಾದ ಒಂದು ಗುಪ್ತ ವಿದ್ಯುತ್ತು ಎಂಬ ತಿಳಿವಳಿಕೆ ಪುರಾತನವೇನಲ್ಲ. ಅದಕ್ಕೆ ತಾರೀಖುಗಳಿವೆ, ಊರುಗಳಿವೆ, ಹೆಚ್ಚಿನವು ಕಳೆದ ನೂರೈವತ್ತು ವರ್ಷದ ಒಳಗಿನವು.

ಹಾಗಾದರೆ ಎರಡು ಸಾವಿರ ವರ್ಷಗಳ ಚೀನೀ ತತ್ತ್ವಶಾಸ್ತ್ರವೆಲ್ಲ ಚಿಯ ಬಗ್ಗೆ ಮಾತಾಡಿದ್ದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಆದರೆ ಆ ಗ್ರಂಥಗಳು ಹೇಳುವುದು ಇನ್ನೂ ದೊಡ್ಡ ಮಾತು, ಆದ್ದರಿಂದಲೇ ಕುಸ್ತಿಯ ಗುಟ್ಟಿಗೆ ಅದು ಸಾಕ್ಷಿಯಾಗುವುದಿಲ್ಲ. ಜುವಾಂಗ್‌ಜಿಗೆ ಹುಟ್ಟು ಎಂದರೆ ಚಿ ಒಟ್ಟುಗೂಡುವುದು, ಸಾವೆಂದರೆ ಅದು ಚದುರುವುದು. ಹನ್ನೊಂದನೆಯ ಶತಮಾನದ ಜಾಂಗ್ ಜಾಯ್ ಅವರಿಗೆ ಆಕಾಶದ ಬಯಲೂ ಚಿ, ಹೆಪ್ಪುಗಟ್ಟಿದ ಬಂಡೆಯೂ ಚಿ. ಮೆನ್ಸಿಯಸ್ ಹೇಳುವ ವಿಶಾಲವಾದ ಚಿ ನ್ಯಾಯವಾಗಿ ನಡೆದುಕೊಂಡವನಲ್ಲಿ ತಾನಾಗಿ ಬೆಳೆಯುವ ಎದೆಗಾರಿಕೆ. ಎಲ್ಲವೂ ಚಿಯೇ ಆದಮೇಲೆ ಯಾವನೋ ಒಬ್ಬ ಗುರುವಿನ ಹತ್ತಿರ ಮಾತ್ರ ಅದು ಹೆಚ್ಚಾಗಿದೆ ಎನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ; ಕುಂಬಾರನ ಹತ್ತಿರ ಪಂಚಭೂತಗಳಿವೆ ಎಂದಷ್ಟೇ ಅರ್ಥ. ವೈದ್ಯದ ಕಡೆಗೆ ಬಂದರೆ 1973ರಲ್ಲಿ ಹುನಾನ್ ಪ್ರಾಂತದ ಮಾವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದನ್ನು ಅಗೆದಾಗ ರೇಷ್ಮೆಯ ಮೇಲೆ ಬರೆದ 44 ಆಕೃತಿಗಳ ಚಿತ್ರಪಟ ಸಿಕ್ಕಿತು. ಗಂಡಸರು, ಹೆಂಗಸರು, ಮುದುಕರು, ಎಳೆಯರು ಬಾಗುತ್ತಿದ್ದಾರೆ, ಚಾಚುತ್ತಿದ್ದಾರೆ, ಪ್ರಾಣಿಗಳ ನಡಿಗೆಯನ್ನು ಅನುಕರಿಸುತ್ತಿದ್ದಾರೆ. ಆರೋಗ್ಯಕ್ಕಾಗಿ ಉಸಿರನ್ನೂ ಮೈಯನ್ನೂ ಹದ ಮಾಡುವ ಪದ್ಧತಿ ಅಷ್ಟು ಹಳೆಯದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಆದರೆ ಆ ನಲವತ್ತನಾಲ್ಕರಲ್ಲಿ ಯಾರೂ ಯಾರೊಂದಿಗೂ ಹೋರಾಡುತ್ತಿಲ್ಲ.

ಒಳಪಂಥ, ಹೊರಪಂಥ ಎಂಬ ವಿಭಾಗ ಮೊದಲು ಕಾಣಿಸಿಕೊಂಡದ್ದು ಒಂದು ಸಮಾಧಿಲೇಖದಲ್ಲಿ. 1669ರಲ್ಲಿ ವಿದ್ವಾಂಸ ಹುವಾಂಗ್ ಜೊಂಗ್‌ಶಿ ಅವರು ವಾಂಗ್ ಜೆಂಗ್‌ನಾನ್ ಎಂಬ ಕಲಿಯ ನೆನಪಿಗೆ ಅದನ್ನು ಬರೆದರು. ಶಾವೊಲಿನ್ ಮಠದ ಕಲೆ ಮೇಲೆ ಬೀಳುವುದರಲ್ಲಿ ನಿಪುಣ, ಆದರೆ ಅದನ್ನೂ ಮೀರಿಸುವ 'ಒಳಮನೆ'ಯ ಕಲೆಯೊಂದಿದೆ, ಅದು ಸ್ತಬ್ಧತೆಯಿಂದ ಚಲನೆಯನ್ನು ಗೆಲ್ಲುತ್ತದೆ, ವುದಾಂಗ್ ಬೆಟ್ಟದ ತಾವೊ ಸಾಧಕ ಜಾಂಗ್ ಸಾನ್‌ಫೆಂಗ್ ಅದರ ಮೂಲಪುರುಷ ಎಂಬುದು ಲೇಖದ ಸಾರ. ಹುವಾಂಗ್ ಮತ್ತು ವಾಂಗ್ ಇಬ್ಬರೂ ಮಿಂಗ್ ದೊರೆತನಕ್ಕೆ ನಿಷ್ಠರಾಗಿ ಮಂಚೂಗಳ ವಿರುದ್ಧ ನಿಂತವರು. ಬೌದ್ಧಮಠ ಹೊರಗಿನಿಂದ ಬಂದ ಧರ್ಮದ್ದು, ತಾವೊ ಈ ಮಣ್ಣಿನದು. ದೇಶವನ್ನು ಹೊರಗಿನವರು ಆಳುತ್ತಿರುವಾಗ 'ಒಳ', 'ಹೊರ' ಎಂಬ ಪದಗಳಿಗೆ ಯಾವ ಮೊನೆಯಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ರಾಜಕೀಯವಿದೆ ಎಂದು ಇತಿಹಾಸಕಾರರು ಗುರುತಿಸಿದ್ದಾರೆ, ಅದು ಸರಿಯೆಂದೇ ನನಗೂ ತೋರುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು. ಒಳಮನೆಯ ಹೆಚ್ಚುಗಾರಿಕೆ ಚಿಯಿಂದ ಬಂದದ್ದು ಎಂದು ಆ ಲೇಖ ಹೇಳುವುದಿಲ್ಲ. ಹುವಾಂಗ್ ಅವರ ಮಗ ಬೈಜಿಯಾ ಅದೇ ವಾಂಗ್‌ರಿಂದ ಕಲಿತು ಬರೆದಿಟ್ಟ ಕೈಪಿಡಿಯಲ್ಲಿ ಇರುವುದು ಹೆಜ್ಜೆಗಳು, ಹೊಡೆತಗಳು, ಮರ್ಮಸ್ಥಾನಗಳು, ಮಾಡಬಾರದ ತಪ್ಪುಗಳು. ಕಸುಬುದಾರನ ಟಿಪ್ಪಣಿ ಹೇಗಿರಬೇಕೋ ಹಾಗಿದೆ.

ಮೈಯಲ್ಲಿ ಚಿ ತುಂಬಿ ಅದನ್ನೇ ಕವಚ ಮಾಡಿಕೊಳ್ಳುವ ಮಾತು ಜೋರಾಗಿ ಬರುವ ಗ್ರಂಥ ಬೇರೆ, ಅದು ಹುಟ್ಟಿದ ಪಾಳೆಯವೂ ಬೇರೆ. ಅದರ ಹೆಸರು ಯೀಜಿನ್‌ಜಿಂಗ್, ಸ್ನಾಯುಗಳನ್ನು ಬದಲಿಸುವ ಸೂತ್ರ. ಮೈಯನ್ನು ತಿಕ್ಕಿ, ಮರದ ಒನಕೆಯಿಂದ ಕುಟ್ಟಿ, ಕಲ್ಲು ತುಂಬಿದ ಚೀಲದಿಂದ ಬಡಿದು, ಪೊರೆಗಳಲ್ಲೆಲ್ಲ ಚಿ ತುಂಬಿಸಿದರೆ ದೇಹಕ್ಕೆ ಪೆಟ್ಟು ತಾಗದು ಎಂದು ಅದು ಕಲಿಸುತ್ತದೆ. ಇದನ್ನು ಭಾರತದಿಂದ ಹೋದ ಭಿಕ್ಷು ಬೋಧಿಧರ್ಮನೇ ಶಾವೊಲಿನ್ ಮಠದಲ್ಲಿ ಬಿಟ್ಟುಹೋದ ಎಂಬ ಕತೆ ನಮ್ಮ ಕಡೆಯೂ ಗೊತ್ತು. 2011ರ ತಮಿಳು ಚಿತ್ರ 'ಏಳಾಂ ಅರಿವು' ಬಂದ ಮೇಲಂತೂ ಕುಂಗ್‌ಫೂ ನಮ್ಮ ದಕ್ಷಿಣದಿಂದ ಹೋದದ್ದು ಎಂಬ ಹೆಮ್ಮೆ ಬೆಂಗಳೂರಿನ ಚಹಾದಂಗಡಿಗೂ ಬಂತು. ಗ್ರಂಥ ನಿಜವಾಗಿ 1624ರ ಸುಮಾರಿನದು, ತಾವೊ ಸಾಧಕನೊಬ್ಬನ ಕೈವಾಡ. ಹಳೆಯದೆಂದು ತೋರಿಸಲು ಇಬ್ಬರು ಹೆಸರಾಂತ ಸೇನಾಪತಿಗಳ ಹೆಸರಿನಲ್ಲಿ ಮುನ್ನುಡಿ ಬರೆದು ಅಂಟಿಸಿದ್ದಾರೆ. 628ರ ತಾರೀಖು ಹೊತ್ತ ಮುನ್ನುಡಿಯಲ್ಲಿ ಗ್ರಂಥ ಗುಂಗುರು ಗಡ್ಡದ ವೀರನೊಬ್ಬನ ಕೈಗೆ ಬಂತು ಎಂದಿದೆ. ಆ ವೀರ ಆಮೇಲಿನ ಕತೆಯೊಂದರ ಪಾತ್ರ. ಹದಿನೆಂಟನೆಯ ಶತಮಾನದ ವಿದ್ವಾಂಸ ಲಿಂಗ್ ತಿಂಗ್‌ಕಾನ್ ಆಗಲೇ ಈ ಬಣ್ಣ ಬಯಲು ಮಾಡಿದ್ದರು, 1930ರಲ್ಲಿ ಇತಿಹಾಸಕಾರ ತಾಂಗ್ ಹಾವೊ ಅದನ್ನು ಮತ್ತೆ ವಿವರವಾಗಿ ಮಾಡಿದರು. ಭಾರತದ ಕಡೆಯ ನಿಜವಾದ ಎಳೆ ಬೇಕಾದರೆ ಇದೆ, ಅದು ಗದ್ದಲವಿಲ್ಲದ್ದು: ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊ ತಮ್ಮ ವೈದ್ಯಗ್ರಂಥದಲ್ಲಿ ಭಾರತದ ಬ್ರಾಹ್ಮಣ ಪದ್ಧತಿ ಎಂದು ಕರೆದು ಹದಿನೆಂಟು ಅಂಗಸಾಧನೆಗಳನ್ನು ದಾಖಲಿಸಿದ್ದಾರೆ. ಮೈಕೈ ನೋವಿಗೆ ಮಾಡುವಂಥವು. ಸಿನಿಮಾ ಆಗುವ ಸರಕಲ್ಲ.

ಇಲ್ಲಿ ಒಂದು ತಮಾಷೆ ಇದೆ. ಇಂದು ನಾವು ಒಳಪಂಥದ ಗುರುತೆಂದು ತಿಳಿಯುವ, ಚಿ ತುಂಬಿದ ಉಕ್ಕಿನ ಹೊಟ್ಟೆ ಬೆಳೆದದ್ದು ಹೊರಪಂಥ ಎನಿಸಿಕೊಂಡ ಶಾವೊಲಿನ್ ಹೆಸರಿನ ನೆರಳಲ್ಲಿ. ಒಳಪಂಥದ ಗ್ರಂಥಗಳು ಚಿಯ ಬಗ್ಗೆ ಏನು ಹೇಳುತ್ತವೆ? ತಾಯ್‌ಜಿಯ ಮೂಲಗ್ರಂಥಗಳೆಂದು ಎಲ್ಲರೂ ಒಪ್ಪುವ ಚಿಕ್ಕ ಬರಹಗಳು ಹೆಬೆಯ್ ಪ್ರಾಂತದ ಯೊಂಗ್‌ನಿಯೆನ್ ಊರಿನ ವೂ ಮನೆತನದ ಮೂಲಕ ಬಂದವು. 1852ರ ಸುಮಾರಿಗೆ ಅಣ್ಣನಿಗೆ ಉಪ್ಪಿನಂಗಡಿಯೊಂದರಲ್ಲಿ ವಾಂಗ್ ಜೊಂಗ್‌ಯುಯೆ ಎಂಬವನ ಹಸ್ತಪ್ರತಿ ಸಿಕ್ಕಿತು, ತಮ್ಮ ವೂ ಯೂಶಿಯಾಂಗ್ ಅದಕ್ಕೆ ತನ್ನ ವಿವರಣೆ ಸೇರಿಸಿದ ಎಂಬುದು ಮನೆತನದ ಹೇಳಿಕೆ. ಸೋದರಳಿಯ ಲಿ ಯೀಯೂ 1881ರಲ್ಲಿ ಎಲ್ಲವನ್ನೂ ನಕಲು ಮಾಡಿ ಇಟ್ಟ. ಉಪ್ಪಿನಂಗಡಿಯ ಕತೆಯನ್ನು ಎಷ್ಟು ನಂಬಬೇಕೆಂಬುದರಲ್ಲಿ ಜಗಳವಿದೆ, ಬರಹಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಇದ್ದವೆಂಬುದರಲ್ಲಿ ಇಲ್ಲ. ಅವುಗಳಲ್ಲಿ ಚಿ ಮತ್ತೆ ಮತ್ತೆ ಬರುತ್ತದೆ. ಹೇಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ಒಂದು ಕಡೆ ದಂಡಿನ ಹೋಲಿಕೆ: ಮನಸ್ಸು ಆಜ್ಞೆ ಕೊಡುವ ಸೇನಾಪತಿ, ಚಿ ಆ ಆಜ್ಞೆಯನ್ನು ತೋರುವ ಬಾವುಟ. ಬಾವುಟ ಯಾರನ್ನೂ ಇರಿಯುವುದಿಲ್ಲ, ಎದುರಾಳಿಯನ್ನು ತಳ್ಳುವುದಿಲ್ಲ. ಅದು ವಾಲಿದ ಕಡೆಗೆ ಇಡೀ ದಂಡು ಒಂದಾಗಿ ತಿರುಗುತ್ತದೆ. ಇನ್ನೊಂದು ಕಡೆ ಇನ್ನೂ ನೇರವಾದ ಎಚ್ಚರಿಕೆ: ಗಮನ ಮೈಯ ತುಂಬ ಚೈತನ್ಯದಲ್ಲಿರಬೇಕು, ಚಿಯಲ್ಲಿ ಇರಕೂಡದು, ಚಿಯ ಮೇಲೆ ಇಟ್ಟೆಯೋ, ಮೈ ಜಡವಾಗುತ್ತದೆ. ಒಳಪಂಥದ ಮೂಲಗ್ರಂಥವೇ ಚಿಯ ಹಿಂದೆ ಬೀಳಬೇಡ ಎಂದಿದೆ. ಶಿಂಗ್‌ಯೀ ಪಂಥದವರ ಆರು ಹೊಂದಾಣಿಕೆಗಳ ಸೂತ್ರದಲ್ಲೂ ಹಾಗೆಯೇ, ಮನಸ್ಸು ಸಂಕಲ್ಪಕ್ಕೆ, ಸಂಕಲ್ಪ ಚಿಗೆ, ಚಿ ಬಲಕ್ಕೆ ಹೊಂದಬೇಕು. ಉಳಿದ ಮೂರು ಹೆಗಲು-ಸೊಂಟ, ಮೊಣಕೈ-ಮೊಣಕಾಲು, ಕೈ-ಪಾದಗಳ ಹೊಂದಾಣಿಕೆ. ಚಿ ಅಲ್ಲಿ ಸರಪಳಿಯ ಒಂದು ಕೊಂಡಿ, ನಡುವಿನದು.

ಚಿಯನ್ನು ದಾನ್‌ತಿಯೆನ್‌ಗೆ ಇಳಿಸುವುದು ಎಂಬ ಸೂಚನೆಯಷ್ಟು ಜನ ತಪ್ಪಾಗಿ ತಿಳಿದದ್ದು ಇನ್ನೊಂದಿಲ್ಲ. ದಾನ್‌ತಿಯೆನ್ ಎಂದರೆ ಇಂಗಳೀಕದ ಹೊಲ, ರಸವಾದಿಗಳ ಮಾತು. ಜಾಗ ಹೊಕ್ಕುಳಿನ ಕೆಳಗೆ. ಹೊಸಬ ಇದನ್ನು ಕೇಳಿ ಉಸಿರು ಹಿಡಿದು ಹೊಟ್ಟೆಯನ್ನು ಮುಂದಕ್ಕೆ ದಬ್ಬುತ್ತಾನೆ. ಗಾಳಿ ಶ್ವಾಸಕೋಶ ದಾಟಿ ಎಲ್ಲಿಗೂ ಹೋಗುವುದಿಲ್ಲ, ಅದು ಹಳೆಯ ಗುರುಗಳಿಗೂ ಗೊತ್ತಿತ್ತು. ಏನಾಗುತ್ತದೆಂದು ಹತ್ತಿರದಿಂದ ನೋಡಬೇಕಾದರೆ ಕೈಗೆ ಕೈ ತಾಗಿಸಿ ತಳ್ಳುವ ಜೋಡಿ ಅಭ್ಯಾಸವನ್ನು ನೋಡಬೇಕು. ಇಬ್ಬರು ಎದುರುಬದುರು, ಒಂದು ಕಾಲು ಮುಂದೆ, ಮುಂಗೈಗಳು ಮಾತ್ರ ತಾಗಿವೆ. ಒಬ್ಬ ಮೆಲ್ಲಗೆ ಒತ್ತುತ್ತಾನೆ. ಕಲಿಯದವನ ಹೆಗಲು ಕಿವಿಯ ಕಡೆಗೆ ಏರುತ್ತದೆ, ಉಸಿರು ಗಂಟಲಲ್ಲಿ ನಿಲ್ಲುತ್ತದೆ, ಪಕ್ಕೆಲುಬು ಉಬ್ಬುತ್ತದೆ, ಹಿಮ್ಮಡಿ ಹಗುರಾಗುತ್ತದೆ. ಆಮೇಲೆ ಎರಡು ಬೆರಳು ಸಾಕು, ಹಿಂದಕ್ಕೆ ಹೋಗುತ್ತಾನೆ. ಕಲಿತವನಲ್ಲಿ ಇದೆಲ್ಲ ತಿರುವುಮುರುವು. ಎದೆ ಸಡಿಲವಾಗಿ ತುಸು ಒಳಕ್ಕೆ, ವಪೆ ಕೆಳಕ್ಕೆ, ಸೊಂಟದ ಹಿಂಬದಿಯ ಡೊಂಕು ನೇರಕ್ಕೆ, ಭಾರ ಅಂಗಾಲಿಗೆ. ಒತ್ತುವವನಿಗೆ ಎದುರಿನ ಹೆಗಲು ಸಿಗುವುದೇ ಇಲ್ಲ; ತಾನು ಒತ್ತಿದ್ದೆಲ್ಲ ಎದುರಿನವನ ಕಾಲಿನ ಮೂಲಕ ನೆಲಕ್ಕೆ ಇಳಿದುಹೋಗುತ್ತಿದೆ ಅನ್ನಿಸುತ್ತದೆ. ಮುಂದಿನ ಉಸಿರಿನಲ್ಲಿ ಅದೇ ದಾರಿ ಹಿಡಿದು ನೆಲದಿಂದ ಬಲ ವಾಪಸು ಬರುತ್ತದೆ. ಹೀಗೆ ಇಡೀ ಮೈ ಒಂದಾಗಿ ಕೊಡುವ ಹದಗೊಂಡ ಬಲಕ್ಕೆ ಅವರು 'ಜಿನ್' ಎನ್ನುತ್ತಾರೆ, ತೋಳಿನ ಹಸಿ ಬಲಕ್ಕೆ 'ಲಿ'. ಚಿ ಇಳಿಯಿತು ಎಂಬ ಎರಡು ಪದ ಎದೆ, ವಪೆ, ಸೊಂಟ, ಅಂಗಾಲು, ಇಷ್ಟರ ಕೆಲಸವನ್ನೂ ಒಟ್ಟಿಗೆ ಹೇಳಿ ಮುಗಿಸುತ್ತದೆ. ಒಂದೊಂದನ್ನೇ ಹೇಳುತ್ತ ಕೂತರೆ ವಿದ್ಯಾರ್ಥಿ ಒಂದನ್ನು ಸರಿಮಾಡಿ ಇನ್ನೊಂದನ್ನು ಕೆಡಿಸುತ್ತಾನೆ.

ಇದು ಇಂದಿನ ವಿಜ್ಞಾನವನ್ನು ಹಳೆಯ ಗುರುಗಳ ಬಾಯಿಗೆ ತುರುಕುವ ಕೆಲಸ, ಅವರು ನಿಜವಾಗಿಯೂ ಚಿಯನ್ನು ನಂಬಿದ್ದರು ಎಂಬ ಆಕ್ಷೇಪ ಸಹಜ. ನಂಬಿದ್ದರು, ಸಂಶಯವಿಲ್ಲ. ಲೋಕವೆಲ್ಲ ಚಿಯಿಂದ ಆದದ್ದು ಎಂಬ ಲೋಕದಲ್ಲಿ ಅವರು ಬಾಳಿದರು. ಪ್ರಶ್ನೆ ಇರುವುದು ಕಲಿಸುವಾಗ ಆ ಪದದಿಂದ ಅವರು ಏನು ಕೆಲಸ ತೆಗೆದರು ಎಂಬುದರಲ್ಲಿ. ಸುನ್ ಲುತಾಂಗ್ ಅವರ ಬಾಯಲ್ಲೇ ಕೇಳೋಣ. 1860ರಲ್ಲಿ ಹುಟ್ಟಿದ ಸುನ್, ಶಿಂಗ್‌ಯೀ, ಬಾಗುವಾ, ತಾಯ್‌ಜಿ ಮೂರನ್ನೂ ಕಲಿತು, 1915ರಿಂದ ಒಂದರ ಹಿಂದೊಂದು ಪುಸ್ತಕ ಬರೆದು, ಈ ಮೂರನ್ನು ಒಂದೇ ಒಳಮನೆಯೆಂದು ಓದುಗರ ಮನಸ್ಸಿನಲ್ಲಿ ನಿಲ್ಲಿಸಿದವರು. ಒಂದು ಕಾಲದಲ್ಲಿ ತಮ್ಮ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು, ಅದನ್ನು ಉಬ್ಬಿಸಿದರೆ ಮನುಷ್ಯರನ್ನು ದೂರಕ್ಕೆ ಎಸೆಯಬಲ್ಲವರಾಗಿದ್ದರು, ಹೀಗೆ ಚಿಯನ್ನು ಹೊಟ್ಟೆಯಲ್ಲಿ ಕೂಡಿಡಲಾರದವರೆಲ್ಲ ಹೊರಪಂಥದವರೆಂದೇ ತಿಳಿದಿದ್ದರು ಎಂದು ಅವರು ಬರೆದುಕೊಂಡಿದ್ದಾರೆ. ಆಮೇಲೆ ಶಾನ್‌ಶಿ ಪ್ರಾಂತದ ಹಿರಿಯ ಸೊಂಗ್ ಶಿರೊಂಗ್ ಅವರನ್ನು ಕಾಣಲು ಹೋದರು. ಹಿರಿಯರು ಕೊಟ್ಟ ಉತ್ತರದ ತಾತ್ಪರ್ಯ: ಉಸಿರಾಟದಲ್ಲಿ ಒಳಗು-ಹೊರಗು ಉಂಟು, ಕಲೆಯಲ್ಲಿ ಇಲ್ಲ, ಹೊಟ್ಟೆಯ ಆ ಗಟ್ಟಿಯಿಂದ ಹೊಡೆಯಬಹುದು, ಆದರೆ ಮೈಗೆ ಬೇಕಾದ ಚುರುಕು ಬರುವುದಿಲ್ಲ, ಆ ಗಂಟನ್ನು ಕರಗಿಸದಿದ್ದರೆ ಮುಂದೆ ಅದೇ ಹೊರೆಯಾದೀತು. ಒಳಪಂಥದ ದೊಡ್ಡ ಪ್ರಚಾರಕರಿಗೇ ಒಳಪಂಥದ ಹಿರಿಯರೊಬ್ಬರು ಹೀಗೆ ಹೇಳಿದ್ದು. ಚಿಯ ಬಗೆಗಿನ ತಪ್ಪು ತಿಳಿವಳಿಕೆಯನ್ನು ತಿದ್ದಲು ಹೊರಗಿನ ವಿಚಾರವಾದಿಗಳು ಬೇಕಿರಲಿಲ್ಲ, ಆ ಕೆಲಸ ಗರಡಿಯೊಳಗೇ ನಡೆಯುತ್ತಿತ್ತು.

ಗುಂಡು ತಾಗದ ಮೈಯ ನಂಬಿಕೆಯ ವಿಷಯ ಬೇರೆ. 1899ರಿಂದ 1901ರವರೆಗೆ ಉತ್ತರ ಚೀನಾದಲ್ಲಿ ಎದ್ದ ಯೀಹತುವಾನ್ ದಂಗೆಯವರು ವಿದೇಶಿ ಬಂದೂಕಿಗೆ ಎದೆಯೊಡ್ಡಿದರು. ಬಾಕ್ಸರುಗಳೆಂದು ಇಂಗ್ಲಿಷರು ಹೆಸರಿಟ್ಟದ್ದರಿಂದ ಅವರದ್ದೂ ಚಿಯ ಸಾಧನೆಯೇ ಎಂದು ಲೆಕ್ಕ ಹಾಕುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ನೆಚ್ಚಿದ್ದು ಮೈಮೇಲೆ ದೇವರು ಬರುವುದನ್ನು. ನಾಟಕದಲ್ಲಿ ನೋಡಿದ ವೀರರೇ ಮೈಮೇಲೆ ಬರುತ್ತಿದ್ದರು. ಭೂತಕೋಲ ಕಂಡ ಕರಾವಳಿಯವರಿಗೆ ಆ ದೃಶ್ಯವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. 1900ರ ಆಗಸ್ಟ್‌ನಲ್ಲಿ ಬೀಜಿಂಗ್ ಹೊಕ್ಕ ಎಂಟು ದೇಶಗಳ ಪಡೆಯಲ್ಲಿ ಭಾರತದ ಸಿಪಾಯಿಗಳೂ ಇದ್ದರು. ರಜಪೂತ ದಳದ ಠಾಕೂರ್ ಗದಾಧರ ಸಿಂಗ್ ಅಲ್ಲಿಂದ ಮರಳಿ ಹಿಂದಿಯಲ್ಲಿ 'ಚೀನ್ ಮೇಂ ತೇರಹ್ ಮಾಸ್' ಬರೆದು, ಸೋತವರ ಸಂಕಟಕ್ಕೆ ಕಣ್ಣೀರಾದರು. ಬಾಗುವಾ ಪಂಥದ ಹೆಸರಾಂತ ಗುರು ಚೆಂಗ್ ತಿಂಗ್‌ಹುವಾ ಆ ದಿನಗಳಲ್ಲೇ ಬೀಜಿಂಗ್‌ನಲ್ಲಿ ಜರ್ಮನ್ ಸೈನಿಕರ ಗುಂಡಿಗೆ ಬಲಿಯಾದರೆಂದು ಅವರ ಶಿಷ್ಯಪರಂಪರೆಯೇ ಹೇಳುತ್ತದೆ. ಅವರ ಚಿ ಸಾಲದೇ ಹೋಯಿತು ಎಂದು ಯಾವ ಶಿಷ್ಯನೂ ಹೇಳಲಿಲ್ಲ. ಗುಂಡನ್ನು ತಡೆಯುವುದು ಆ ಪದದ ಕೆಲಸವೆಂದು ಅವರು ಎಣಿಸಿಯೇ ಇರಲಿಲ್ಲ.

ಪದದ ಭಾರ ಬದಲಾದದ್ದು ಆಮೇಲೆ, ಮೂರು ಕಡೆಯಿಂದ. ಮೊದಲನೆಯದು ಸರ್ಕಾರ. 1928ರ ಮಾರ್ಚ್‌ನಲ್ಲಿ ನಾನ್‌ಜಿಂಗ್‌ನಲ್ಲಿ ಕೇಂದ್ರ ರಾಷ್ಟ್ರಕಲಾ ಸಂಸ್ಥೆ ತೆರೆದಾಗ ಅದನ್ನು ವುದಾಂಗ್ ಬಾಗಿಲು, ಶಾವೊಲಿನ್ ಬಾಗಿಲು ಎಂದು ಎರಡಾಗಿ ಒಡೆದರು. ಸಮಾಧಿಲೇಖದ ಅಲಂಕಾರದ ಮಾತು ಸರ್ಕಾರಿ ಇಲಾಖೆಯಾಯಿತು. ಎರಡು ಬಾಗಿಲಿನವರೂ ಹೊಡೆದಾಡಿಕೊಂಡು ಕೆಲವೇ ತಿಂಗಳಲ್ಲಿ ಆ ಏರ್ಪಾಡನ್ನು ಕೈಬಿಡಬೇಕಾಯಿತು, ವಿಭಾಗ ಮಾತ್ರ ಜನರ ತಲೆಯಲ್ಲಿ ಉಳಿಯಿತು. ಎರಡನೆಯದು ಕಾದಂಬರಿ ಮತ್ತು ಸಿನಿಮಾ. 1920ರ ದಶಕದಲ್ಲಿ ಶಿಯಾಂಗ್ ಕಾಯ್‌ರಾನ್ ಬರೆದ ಧಾರಾವಾಹಿಯಿಂದ 1928ರಲ್ಲಿ ತೆಗೆದ 'ಕೆಂದಾವರೆ ದೇವಾಲಯದ ದಹನ' ಚಿತ್ರದಲ್ಲಿ ಅಂಗೈಯಿಂದ ಬೆಳಕು ಚಿಮ್ಮಿತು. 1954ರ ಜನವರಿ 17ರಂದು ಮಕಾವ್‌ನಲ್ಲಿ ತಾಯ್‌ಜಿಯ ವೂ ಗೊಂಗ್‌ಯೀ ಮತ್ತು ಬಿಳಿ ಕೊಕ್ಕರೆ ಪಂಥದ ಚಾನ್ ಹಾಕ್‌ಫು ಜನಜಂಗುಳಿಯ ನಡುವೆ ಕಟ್ಟೆ ಏರಿದರು. ಹಾಂಗ್‌ಕಾಂಗ್‌ನಲ್ಲಿ ಬೆಂಕಿಗೆ ಮನೆ ಕಳೆದುಕೊಂಡವರ ಸಹಾಯಾರ್ಥ ನಡೆದ ಪಂದ್ಯ ಅದು. ಅದರ ಚಲನಚಿತ್ರ ಈಗಲೂ ನೋಡಸಿಗುತ್ತದೆ. ನೋಡಿದರೆ ನಿರಾಸೆಯಾಗುತ್ತದೆ: ಇಬ್ಬರೂ ಕೈ ಬೀಸುತ್ತಾರೆ, ಮೂಗಿನಲ್ಲಿ ರಕ್ತ, ಎರಡನೆಯ ಸುತ್ತಿನಲ್ಲಿ ನಿಲ್ಲಿಸಿ ಗೆದ್ದವರಿಲ್ಲ, ಸೋತವರಿಲ್ಲ ಎಂದರು. ಮೂರೇ ದಿನಕ್ಕೆ ಹಾಂಗ್‌ಕಾಂಗ್‌ನ ಸಂಜೆ ಪತ್ರಿಕೆಯೊಂದರಲ್ಲಿ ಲಿಯಾಂಗ್ ಯೂಶೆಂಗ್ ಅವರ ಧಾರಾವಾಹಿ ಶುರುವಾಯಿತು, ಹೊಸ ಸಾಹಸ ಕಾದಂಬರಿಗಳ ಯುಗ ಅಲ್ಲಿಂದ ಎಂದು ಸಾಹಿತ್ಯ ಚರಿತ್ರೆ ಗುರುತಿಸುತ್ತದೆ. ಮಕಾವ್‌ನ ಪೆಟ್ಟುಗಳಲ್ಲಿ ಕಾಣದ ಒಳಬಲವನ್ನು ಕಾಗದ ಧಾರಾಳವಾಗಿ ಕೊಟ್ಟಿತು.

ಮೂರನೆಯದು ಅನುವಾದ, ಹಾಗೂ ಅದರ ಬೆನ್ನಿಗೇ ಬಂದ ಪ್ರಯೋಗಾಲಯ. ಫ್ರೆಂಚ್ ರಾಜತಾಂತ್ರಿಕ ಸೇವೆಯಲ್ಲಿದ್ದ ಜಾರ್ಜ್ ಸೂಲಿಯೆ ದ ಮೊರಾಂ, ಚೀನೀ ಸೂಜಿಚಿಕಿತ್ಸೆಯನ್ನು ಯೂರೋಪಿಗೆ ಪರಿಚಯಿಸುತ್ತ 1930ರ ದಶಕದಲ್ಲಿ ಚಿಗೆ 'ಎನರ್ಜಿ' ಎಂಬ ಪದ ಇಟ್ಟರು. ಭೌತಶಾಸ್ತ್ರದಲ್ಲಿ ಆ ಪದಕ್ಕೆ ಅಳತೆಯಿದೆ, ಏಕಮಾನವಿದೆ, ಅದು ತಂತಿಯಲ್ಲಿ ಹರಿಯುತ್ತದೆ, ಒಂದು ಕಡೆ ಶೇಖರವಾಗುತ್ತದೆ. ಪದವನ್ನು ಎರವಲು ತಂದವರ ಹಿಂದೆಯೇ ಈ ಸಾಮಾನೂ ಬಂತು. 1950ರ ದಶಕದಲ್ಲಿ ಲಿಯೂ ಗುಯಿಜೆನ್ ಎಂಬ ಕಮ್ಯುನಿಸ್ಟ್ ಕಾರ್ಯಕರ್ತ ತಾಂಗ್‌ಶಾನ್‌ನಲ್ಲಿ ಆರೋಗ್ಯಧಾಮ ತೆರೆದು ಹಳೆಯ ಹತ್ತಾರು ಸಾಧನೆಗಳಿಗೆ 'ಚಿಗೊಂಗ್' ಎಂಬ ಒಂದೇ ಚೀಟಿ ಅಂಟಿಸಿದರು. 1970ರ ದಶಕದ ಕೊನೆಗೆ ಶಾಂಘೈನಲ್ಲಿ ಚಿಗೊಂಗ್ ಗುರುವಿನ ಕೈಯಿಂದ ಅವಕೆಂಪು ಕಿರಣ ಹೊರಡುತ್ತದೆಂದು ಉಪಕರಣ ತೋರಿಸಿತು, ಹೊರಸೂಸುವ ಚಿ ಸಿಕ್ಕಿತೆಂದು ಪತ್ರಿಕೆಗಳು ಬರೆದವು. ಬೆಚ್ಚಗಿರುವ ಯಾವ ಕೈಯಿಂದಲೂ ಅವಕೆಂಪು ಕಿರಣ ಹೊರಡುತ್ತದೆ. ಜ್ವರ ಬಂದ ಮಗುವಿನ ಹಣೆಯಿಂದ ಇನ್ನೂ ಹೆಚ್ಚು. ಆದರೂ ಚೀನಾದ ಕ್ಷಿಪಣಿಗಳ ಪಿತಾಮಹ ಚಿಯೆನ್ ಶ್ಯೂಸೆನ್ ಅಂಥವರೇ ಬೆನ್ನಿಗೆ ನಿಂತಾಗ ಯಾರು ತಡೆಯಬೇಕು? 1980ರ ದಶಕದಲ್ಲಿ ಕ್ರೀಡಾಂಗಣ ತುಂಬ ಜನ ಕೂತು ವೇದಿಕೆಯಿಂದ ಬರುವ ಚಿಯನ್ನು ಕಾದರು. 1999ರಲ್ಲಿ ಫಾಲುನ್ ಗೊಂಗ್ ಎಂಬ ಚಿಗೊಂಗ್ ಪಂಥದ ನಿಷೇಧದೊಂದಿಗೆ ಆ ಜ್ವರವನ್ನು ಸರ್ಕಾರ ಕೈಮಾಡಿ ಇಳಿಸಿತು. ಪ್ರಪಂಚದ ಉಳಿದೆಡೆ ಇಂದು ಚಿ ಎಂದಾಗ ನೆನಪಾಗುವುದು ಹೆಚ್ಚುಪಾಲು ಈ ನಲವತ್ತೈದು ವರ್ಷಗಳ ಚಿ, ಜುವಾಂಗ್‌ಜಿಯದಲ್ಲ, ವೂ ಯೂಶಿಯಾಂಗ್‌ನದೂ ಅಲ್ಲ.

ಹಾಗೆಂದು ಚಿ ಎಂದರೆ ಬರಿಯ ಉಸಿರಾಟ, ಬರಿಯ ಯಂತ್ರಶಾಸ್ತ್ರ ಎಂದು ಕೈತೊಳೆದುಕೊಳ್ಳುವವರ ಜೊತೆಗೂ ನಾನು ಇಲ್ಲ. ಗಂಟೆಗಟ್ಟಲೆ ಸುಮ್ಮನೆ ನಿಂತವರಿಗೆ ಅಂಗೈ ಬಿಸಿಯಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಮೈ ಊದಿದಂತೆ ಹಗುರಾಗುತ್ತದೆ. ಇದು ಸುಳ್ಳಲ್ಲ, ಸಡಿಲಗೊಂಡ ರಕ್ತನಾಳವೂ ಗಮನವೂ ಕೂಡಿ ಮಾಡುವ ಕೆಲಸ. ಅನುಭವ ನಿಜವಾದ ಮಾತ್ರಕ್ಕೆ ಅದಕ್ಕೆ ಕಾರಣವೆಂದು ಹೆಸರಿಸಿದ ವಸ್ತು ನಿಜವಾಗಬೇಕಿಲ್ಲ, ಅಷ್ಟೇ. ದಮ್ಮಿನ ಹೋಲಿಕೆಯನ್ನೂ ಪೂರ್ತಿ ಎಳೆಯಲಾಗದು. ದಮ್ಮಿನ ಹಿಂದೆ ವೈದ್ಯಶಾಸ್ತ್ರವಿಲ್ಲ, ನಾಡಿಗಳ ನಕ್ಷೆಯಿಲ್ಲ, ನೀತಿಯಿಲ್ಲ. ಚಿಯ ಹಿಂದೆ ಎಲ್ಲವೂ ಇದೆ. ಬೆಳಗ್ಗೆ ಸಾಧನೆ ಮಾಡುವ ಚೀನೀ ಅಜ್ಜಿಗೆ ಅವಳ ಚಿ, ಹವಾಮಾನದ ಚಿ, ಸೊಸೆಯ ಮೇಲಿನ ಸಿಟ್ಟಿನ ಚಿ, ಎಲ್ಲ ಒಂದೇ ನೇಯ್ಗೆ. ಅದನ್ನು ಪ್ರಾಣ ಎಂದು ಅನುವಾದಿಸಿ ನಮ್ಮದೇ ಎಂದು ಬೀಗುವುದೂ ಅವಸರ. ಪ್ರಾಣಕ್ಕೆ ತನ್ನದೇ ಆದ ಐದು ವಾಯುಗಳ ಲೆಕ್ಕವಿದೆ, ಹವಾಮಾನಕ್ಕೂ ಸಿಟ್ಟಿಗೂ ನಾವು ಆ ಪದ ಬಳಸುವುದಿಲ್ಲ.

ಮುಟ್ಟದೆ ಬೀಳಿಸುವ ಗುರುಗಳ ವಿಚಾರ ಹೆಚ್ಚು ಹೊತ್ತು ಬೇಡ. ಅವರ ಮುಂದೆ ಬೀಳುವವರು ಯಾವಾಗಲೂ ಅವರ ಶಿಷ್ಯರೇ. ವರ್ಷಗಟ್ಟಲೆ ಗುರುವಿನ ಹೆಗಲಿನ ಸಣ್ಣ ಸೂಚನೆಗೆ ಮೈ ಒಪ್ಪಿಸಿ ಕಲಿತವನು ಸೂಚನೆ ಬಂದೊಡನೆ ಬೀಳುತ್ತಾನೆ. ಅವನು ನಟಿಸುತ್ತಿದ್ದಾನೆ ಎನ್ನುವುದೂ ಪೂರ್ತಿ ಸರಿಯಲ್ಲ. 2017ರ ಏಪ್ರಿಲ್‌ನಲ್ಲಿ ಚೆಂಗ್‌ದುವಿನಲ್ಲಿ ಮಿಶ್ರ ಸಮರಕಲೆಯ ಶೂ ಶಿಯಾವೊದೊಂಗ್, ತಾಯ್‌ಜಿಯ ವೇಯ್ ಲೇಯ್ ಅವರನ್ನು ಅರ್ಧ ನಿಮಿಷವಾಗುವ ಮುನ್ನವೇ ನೆಲಕ್ಕೆ ಕೆಡವಿದಾಗ ಚಿಯ ಸುಳ್ಳು ಬಯಲಾಯಿತೆಂದು ಲಕ್ಷಾಂತರ ಜನ ಸಂಭ್ರಮಿಸಿದರು. ಬಯಲಾದದ್ದು ಎದುರಾಳಿಯಿಲ್ಲದೆ ಬೆಳೆದ ಅಭ್ಯಾಸದ ಸ್ಥಿತಿ. ಹದಿನಾರನೆಯ ಶತಮಾನದ ಸೇನಾಪತಿ ಚಿ ಜಿಗುವಾಂಗ್ ಆಗಲೇ ತನ್ನ ಕೈಪಿಡಿಯಲ್ಲಿ ಬರಿಗೈ ಕಲೆ ಮೈ ಪಳಗಿಸಲು ಒಳ್ಳೆಯದು, ಯುದ್ಧಕ್ಕೆ ಅಷ್ಟೇನೂ ಉಪಯೋಗವಿಲ್ಲ ಎಂದಿದ್ದ.

ಪದವನ್ನೇ ಕಿತ್ತುಹಾಕಲು ನೋಡಿದವರೂ ಇದ್ದರು. ಶಿಂಗ್‌ಯೀ ಪರಂಪರೆಯಿಂದ ಬಂದ ವಾಂಗ್ ಶಿಯಾಂಗ್‌ಜಾಯ್ 1940ರಲ್ಲಿ ಬೀಜಿಂಗ್‌ನ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಡುತ್ತ, ಚಿಯನ್ನು ಅಲ್ಲಿಗೆ ಓಡಿಸು, ಇಲ್ಲಿಗೆ ತುಂಬು ಎನ್ನುವ ಮಾತನ್ನೆಲ್ಲ ತಳ್ಳಿಹಾಕಿದರು. ಪಟ್ಟುಗಳ ಸರಣಿಯನ್ನೂ ಬಿಟ್ಟು ಬರಿದೇ ನಿಲ್ಲಿಸಿ ಕಲಿಸಿದರು. ಆದರೆ ನಿಂತವನಿಗೆ ಏನಾದರೂ ಹೇಳಬೇಕಲ್ಲ. ಎದೆಯೆದುರು ಚೆಂಡೊಂದನ್ನು ಅಪ್ಪಿಕೊಂಡಂತೆ, ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತಂತೆ, ಮರವೊಂದು ನಿಮ್ಮನ್ನು ಎಳೆದಂತೆ ಎಂದರು. ಎದೆ, ವಪೆ, ಸೊಂಟ, ಅಂಗಾಲು ಎಲ್ಲವನ್ನೂ ಒಟ್ಟಿಗೆ ಸರಿಮಾಡುವ ಒಂದು ಮಾತು ಅವರಿಗೂ ಬೇಕಾಯಿತು. 1950ರ ದಶಕದಲ್ಲಿ ಆ ನಿಲುವು ಆಸ್ಪತ್ರೆಗಳಿಗೆ ಬಂತು, ರೋಗಿಗಳು ಸಾಲಾಗಿ ನಿಂತರು. ಇಂದು ಯಾವುದೇ ಊರಿನ ಪುಸ್ತಕದಂಗಡಿಗೆ ಹೋಗಿ ಆ ನಿಲುವಿನ ಪುಸ್ತಕ ಕೇಳಿದರೆ ಅಂಗಡಿಯವನು ಚಿಗೊಂಗ್ ಎಂದು ಬರೆದಿರುವ ಕಪಾಟಿನ ಕಡೆಗೆ ಕೈ ತೋರಿಸುತ್ತಾನೆ.